ಬೆಟ್ಟ ಕಾಲಿಗೆ, ಬಯಲು ಸೈಕಲ್ಲಿಗೆ

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕೂ ಊರುಗಳು ಒಂದೇ ಹೆದ್ದಾರಿಯ ಮೇಲಿವೆ. ಹಿಂದೆ 234 ಎನ್ನುತ್ತಿದ್ದ, ಈಗ 69 ಎಂಬ ಸಂಖ್ಯೆ ಹೊತ್ತಿರುವ ರಾಷ್ಟ್ರೀಯ ಹೆದ್ದಾರಿ ಅದು. ಸೈಕಲ್ ಹತ್ತುವವರು ಮೊದಲು ನೆನಪಿಡಬೇಕಾದದ್ದು ಇದನ್ನೇ: ದಾರಿ ತಪ್ಪಿದರೆ ಬಂದು ಸೇರಿಕೊಳ್ಳಲು ಹೆದ್ದಾರಿ ಇರಲಿ, ದಿನವಿಡೀ ತುಳಿಯಲು ಬೇಡ. ಕ್ರಷರ್‌ಗಳಿಂದ ಜಲ್ಲಿ, ಎಂ-ಸ್ಯಾಂಡ್ ತುಂಬಿಕೊಂಡು ಬರುವ ಟಿಪ್ಪರ್‌ಗಳಿಗೆ ಸೈಕಲ್ಲಿನವರು ಕಾಣುವುದೇ ಇಲ್ಲ. ಅದರ ಎರಡೂ ಪಕ್ಕಕ್ಕೆ ಕವಲೊಡೆಯುವ ಹಳ್ಳಿ ರಸ್ತೆಗಳಲ್ಲಿ ಒಂದು ಕೆರೆ ಏರಿಯಿಂದ ಇನ್ನೊಂದಕ್ಕೆ ಸಾಗುವುದೇ ಈ ಸೀಮೆಯ ಸವಾರಿ.

ಎರಡನೆಯದು, ಒಂದು ದಿನಕ್ಕೆ ಒಂದೇ ಬೆಟ್ಟ. ಬೆಂಗಳೂರಿನಿಂದ ಬರುವ ಹಲವರು ಬೆಳಗ್ಗೆ ಸ್ಕಂದಗಿರಿ, ಮಧ್ಯಾಹ್ನ ನಂದಿ, ಸಂಜೆ ಆವಲಗುರ್ಕಿಯ ಆದಿಯೋಗಿ ಎಂದು ಪಟ್ಟಿ ಹಿಡಿದೇ ಬರುತ್ತಾರೆ. ಅವರು ನೋಡುವುದರಲ್ಲಿ ಬಹುಪಾಲು ಮುಂದಿನ ಕಾರಿನ ಹಿಂಭಾಗ.

ನಂದಿಯ ತುದಿ 1,478 ಮೀಟರ್. ನಾರ್ವೆಯಲ್ಲಿ ಸೈಕಲ್ಲಿನವರು ಹೆಸರು ಹೇಳುವ ‘ರಲ್ಲಾರ್‌ವೆಗನ್’ ಎಂಬ ದಾರಿಯಿದೆ; ಬರ್ಗನ್ ರೈಲುಮಾರ್ಗ ಕಟ್ಟುವಾಗ ಕೂಲಿಯವರಿಗೂ ಸಾಮಾನಿಗೂ ಮಾಡಿದ್ದ ಹಳೆಯ ರಸ್ತೆ. ಅಲ್ಲಿನ ಫಿನ್ಸೆ ರೈಲು ನಿಲ್ದಾಣದ ಎತ್ತರ 1,222 ಮೀಟರ್, ಅಂದರೆ ನಮ್ಮ ನಂದಿಗಿಂತ ತಗ್ಗು. ಆದರೆ ಅಲ್ಲಿಂದ ಇಳಿದರೆ ಫ್ಲೋಮ್‌ನಲ್ಲಿ ಸಮುದ್ರದ ನೀರೇ ಸಿಗುತ್ತದೆ. ನಮ್ಮಲ್ಲಿ ಚಿಕ್ಕಬಳ್ಳಾಪುರವೇ 900 ಮೀಟರಿನ ಮೇಲಿರುವುದರಿಂದ ಬೆಟ್ಟ ಹತ್ತುವುದು ಐನೂರು ಮೀಟರಿನ ಆಸುಪಾಸು ಮಾತ್ರ. ಒಂದು ಬೆಳಗಿಗೆ ಅದು ಹೇಳಿ ಮಾಡಿಸಿದ ಅಳತೆ. ನಾರ್ವೆಯ ಆ ದಾರಿಯವರ ಒಂದು ಉಪಾಯವನ್ನು ನಾವೂ ಇಟ್ಟುಕೊಳ್ಳಬಹುದು: ರೈಲಿನಲ್ಲಿ ಮೇಲಕ್ಕೆ, ಸೈಕಲ್ಲಿನಲ್ಲಿ ಕೆಳಕ್ಕೆ. ಅದು ಹೇಗೆಂದು ಮುಂದೆ ನೋಡೋಣ.

ಹೊರಡುವ ಮುನ್ನ

ಅಕ್ಟೋಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ರಾಗಿ ಕಟಾವು, ಆಮೇಲೆ ಅವರೆಕಾಯಿ, ಬೆಳಗಿನ ಇಬ್ಬನಿ ಎಲ್ಲ ಈ ಅವಧಿಗೇ ಬರುತ್ತವೆ. ಫೆಬ್ರವರಿ ದಾಟಿದರೆ ಬೆಟ್ಟದ ಹುಲ್ಲು ಒಣಗಿ ಬೆಂಕಿಯ ಭಯ. ಬೀಡಿ ಸಿಗರೇಟು ಜೇಬಿನಲ್ಲಿದ್ದರೆ ಕೆಳಗೇ ಬಿಟ್ಟು ಹತ್ತಿ. ಮಳೆಗಾಲದಲ್ಲಿ ಬಂಡೆ ಪಾಚಿಗಟ್ಟಿರುತ್ತದೆ.

ಸೈಕಲ್ ದುಬಾರಿಯದಾಗಬೇಕಿಲ್ಲ. ಗೇರ್ ಇದ್ದರೆ ಸಾಕು, ಬ್ರೇಕ್ ಮಾತ್ರ ಹೊಸದರಂತಿರಬೇಕು. ಇಲ್ಲಿನ ದೊಡ್ಡ ಶತ್ರು ಏರು ಅಲ್ಲ, ಜಾಲಿಮುಳ್ಳು. ಕೆರೆ ಏರಿಯ ಮೇಲೂ ರಸ್ತೆ ಅಂಚಿನಲ್ಲೂ ಬಳ್ಳಾರಿ ಜಾಲಿ ಬೆಳೆದು ನಿಂತಿದೆ. ಕಡಿದ ಕೊಂಬೆಯನ್ನು ಎಳೆದೊಯ್ದ ಕಡೆಯೆಲ್ಲ ಮುಳ್ಳು. ಎರಡು ಟ್ಯೂಬು, ಪಂಪು, ಪಂಕ್ಚರ್ ಸಾಮಾನು ಇಲ್ಲದೆ ಹೊರಡಬೇಡಿ. ಹಳ್ಳಿಯ ಪಂಕ್ಚರ್ ಅಂಗಡಿಯವನು ಬೈಕಿನ ಟ್ಯೂಬಿಗೆ ತೇಪೆ ಹಾಕಿಕೊಡುತ್ತಾನೆ, ನಿಮ್ಮ ಸಪೂರ ಚಕ್ರದ ಟ್ಯೂಬು ಅವನಲ್ಲಿ ಇರುವುದಿಲ್ಲ.

ನೀರಿನ ವಿಷಯ ಬಿಡಿಸಿ ಹೇಳಬೇಕು. ಈ ಭಾಗದ ಹಲವು ಕೆರೆಗಳು ಈಗ ತುಂಬಿ ಚೆಂದ ಕಾಣುತ್ತವೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಯಂಥವಕ್ಕೆ ಬರುವುದು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಸಂಸ್ಕರಿಸಿದ ಬೆಂಗಳೂರಿನ ಕೊಳಚೆ ನೀರು. ಅಂತರ್ಜಲಕ್ಕೆಂದು ಬಿಟ್ಟದ್ದು, ಕುಡಿಯಲು ಅಲ್ಲ. ಮುಖ ತೊಳೆಯಲೂ ಕೆರೆಗೆ ಇಳಿಯಬೇಡಿ. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯಗಳನ್ನು ಜೇಬಿನಲ್ಲಿಟ್ಟುಕೊಂಡರೆ ಬಾಟಲಿ ತುಂಬಿಕೊಳ್ಳಬಹುದು.

ಭಾಷೆಯ ಚಿಂತೆ ಬೇಡ. ಟೀ ಅಂಗಡಿಯಲ್ಲಿ ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ದಾರಿ ಕೇಳುವಾಗ “ಎಷ್ಟು ದೂರ” ಎನ್ನುವುದಕ್ಕಿಂತ “ಮುಂದಿನ ಕ್ರಾಸ್ ಯಾವುದು” ಎಂದು ಕೇಳಿ. ದೂರ ಕೇಳಿದರೆ ಎಲ್ಲವೂ “ಇಲ್ಲೇ” ಇರುತ್ತದೆ.

ಮೊದಲ ದಿನ: ನಂದಿಯ ಬುಡದ ಸುತ್ತು

ಹೊಸಬರು ಇದರಿಂದಲೇ ಶುರುಮಾಡಬೇಕು. ಚಿಕ್ಕಬಳ್ಳಾಪುರದಿಂದ ನಂದಿ ಗ್ರಾಮ, ಅಲ್ಲಿಂದ ಮುದ್ದೇನಹಳ್ಳಿ, ಮತ್ತೆ ಊರು. ಇಪ್ಪತ್ತು–ಇಪ್ಪತ್ತೈದು ಕಿಲೋಮೀಟರ್. ಬೆಳಕು ಹರಿಯುವ ಹೊತ್ತಿಗೆ ಹೊರಟರೆ ದ್ರಾಕ್ಷಿ ಚಪ್ಪರಗಳ ನಡುವೆ, ಚೆಂಡುಹೂವಿನ ತೋಟಗಳ ಪಕ್ಕದಲ್ಲಿ ಸಾಗುತ್ತೀರಿ. ಹೂ ತುಂಬಿದ ಟೆಂಪೋಗಳು ಮಾರ್ಕೆಟ್ಟಿಗೆ ಎದುರು ಬರುತ್ತಿರುತ್ತವೆ. ಅವರಿಗೆ ಅವಸರ, ನೀವೇ ಅಂಚಿಗೆ ಸರಿಯಿರಿ.

ನಂದಿ ಗ್ರಾಮದ ಭೋಗನಂದೀಶ್ವರ ಗುಡಿಗೆ ಕನಿಷ್ಠ ಒಂದು ಗಂಟೆ ಕೊಡಿ. ಒಂಬತ್ತನೇ ಶತಮಾನದಲ್ಲಿ ಶುರುವಾದ ಗುಡಿಗೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರ ಮೇಲೊಬ್ಬರು ಸೇರಿಸುತ್ತಾ ಹೋದರು. ಭೋಗನಂದೀಶ್ವರ, ಅರುಣಾಚಲೇಶ್ವರ ಎರಡೂ ಜೋಡಿಯಾಗಿ ನಿಂತಿದ್ದರೆ ನಡುವೆ ಉಮಾಮಹೇಶ್ವರ. ಎಲ್ಲಕ್ಕೂ ಮಿಗಿಲು ಪಕ್ಕದ ಶೃಂಗಿ ತೀರ್ಥ. ದಕ್ಷಿಣ ಪಿನಾಕಿನಿ ಹುಟ್ಟುವುದು ಇಲ್ಲೇ ಎಂದು ಊರಿನವರ ನಂಬಿಕೆ. ಬೆಟ್ಟದ ಮೇಲಿನ ಸೂರ್ಯೋದಯದ ಗದ್ದಲಕ್ಕಿಂತ ಈ ಕಲ್ಯಾಣಿಯ ಮೆಟ್ಟಿಲೇ ನನಗೆ ಮೇಲು. ಶಿವರಾತ್ರಿಯ ಹೊತ್ತಿಗೆ ಜಾತ್ರೆ, ರಥೋತ್ಸವ. ಆಗ ಸೈಕಲ್ ಬಿಟ್ಟು ಬಸ್ಸಿನಲ್ಲಿ ಬನ್ನಿ.

ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆಯೂ ಸಮಾಧಿಯೂ ಇವೆ. ಸಮಾಧಿಯ ಬಳಿ ನೆರಳಿದೆ, ತಿಂಡಿ ಬಿಚ್ಚಲು ಅನುಕೂಲ.

ಕಾಲಿನಲ್ಲಿ ಕಸುವಿದ್ದವರು ಇದೇ ದಿನ ನಂದಿಯ ಘಾಟಿ ಹತ್ತಬಹುದು. ಬುಡದಿಂದ ಏಳೂವರೆ ಕಿಲೋಮೀಟರ್ ಆಸುಪಾಸು, ತಿರುವುಗಳ ಮೇಲೆ ತಿರುವು, ಮೇಲೆ ಹೋದಂತೆ ಕಡಿದು. ಮೊದಲರ್ಧದಲ್ಲಿ ಮಾತಾಡುತ್ತಾ ತುಳಿಯುವಷ್ಟು ನಿಧಾನವಾಗಿರಿ. ಇಳಿಯುವುದೇ ಹೆಚ್ಚು ಕಷ್ಟ: ಬೆಳಗಿನ ಮಂಜಿಗೆ ರಸ್ತೆ ಒದ್ದೆ, ಎದುರಿಗೆ ತಿರುವು ಮೀರಿ ಬರುವ ಬೈಕುಗಳು. ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಿ, ತಿರುವಿನ ಒಳಗಲ್ಲ, ತಿರುವಿಗೆ ಮೊದಲೇ ವೇಗ ಇಳಿಸಿ. ಮಂಗಗಳ ಎದುರು ಬಾಳೆಹಣ್ಣು ತೆಗೆಯಬೇಡಿ. ಶನಿವಾರ, ಭಾನುವಾರ ಮತ್ತು ಹೊಸ ವರ್ಷದ ಹಿಂದುಮುಂದೆ ಪ್ರವೇಶಕ್ಕೆ ನಿರ್ಬಂಧ ಹಾಕುವುದುಂಟು. ಹೊರಡುವ ಮುನ್ನಾದಿನ ವಿಚಾರಿಸಿ. ವಾರದ ನಡುವೆ ಬಂದರೆ ಟಿಪ್ಪು ಡ್ರಾಪ್ ಬಳಿಯೂ ನಿಲ್ಲಲು ಜಾಗವಿರುತ್ತದೆ. ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ಸೇನೆ 1791ರ ಅಕ್ಟೋಬರಿನಲ್ಲಿ ನಂದಿಯ ಕೋಟೆ ಹಿಡಿಯಿತು. ಗೋಡೆಯ ಪಕ್ಕ ನಿಂತು ಕೆಳಗಿನ ಇಳಿಜಾರು ನೋಡಿದರೆ ಆ ಕೆಲಸದ ಗಾತ್ರ ತಿಳಿಯುತ್ತದೆ.

ಎರಡನೇ ದಿನ: ಸ್ಕಂದಗಿರಿ, ನಡಿಗೆಯಲ್ಲಿ

ಊರಿನವರಿಗೆ ಇದು ಕಳವಾರ ಬೆಟ್ಟ. ಚಿಕ್ಕಬಳ್ಳಾಪುರದಿಂದ ಬುಡಕ್ಕೆ ಆಟೊ ಸಿಗುತ್ತದೆ, ಪಾಪಾಗ್ನಿ ಮಠದ ಬಳಿಯಿಂದ ದಾರಿ ಶುರು. ಹತ್ತಿ ಇಳಿಯಲು ಒಟ್ಟು ಎಂಟು ಕಿಲೋಮೀಟರ್ ಹತ್ತಿರ, ಹತ್ತಲು ಎರಡು ಗಂಟೆ ಇಟ್ಟುಕೊಳ್ಳಿ.

ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಬೇಕು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ತಾಣ ನೋಡಿ. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಗುರುತಿನ ಚೀಟಿ ಕೇಳುತ್ತಾರೆ. ಬೆಟ್ಟದ ಮೇಲೆ ಟೆಂಟು ಹಾಕಿ ರಾತ್ರಿ ಕಳೆಯುವಂತಿಲ್ಲ. ‘ಲೋಕಲ್ ಗೈಡ್, ರಾತ್ರಿ ಕರಕೊಂಡು ಹೋಗ್ತೀನಿ’ ಎನ್ನುವವರ ಹಿಂದೆ ಹೋಗಬೇಡಿ. ಈ ಬೆಟ್ಟಸಾಲಿನಲ್ಲಿ ಚಿರತೆ ಇದೆ, ಬಂಡೆಯ ಸೆರೆಯಲ್ಲಿ ಹೆಜ್ಜೇನು ಇದೆ. ಸೆಂಟು, ಹೊಗೆ, ಜೋರು ಸಂಗೀತ ಮೂರೂ ಹೆಜ್ಜೇನಿಗೆ ಆಗುವುದಿಲ್ಲ.

ಹತ್ತುವಾಗ ಹಾದಿ ಮೊದಲು ಪೊದೆಗಳ ನಡುವೆ, ಆಮೇಲೆ ಬೋಳು ಬಂಡೆಯ ಮೇಲೆ. ಬಂಡೆಯಲ್ಲಿ ಹಾದಿ ಕಾಣಿಸದಾಗ ಬಹಳ ಮಂದಿಯ ಕಾಲು ಸವೆಸಿ ಬೆಳ್ಳಗಾದ ಗೆರೆ ಹಿಡಿಯಿರಿ. ಹಿಡಿತವಿರುವ ಅಡಿಯ ಬೂಟು ಬೇಕು, ಸವೆದ ಸ್ಯಾಂಡಲ್ ಬೇಡ. ತುದಿಯಲ್ಲಿ ಕೋಟೆಯ ಪಾಳು ಗೋಡೆ, ಒಂದು ಗುಡಿ. ಮೋಡ ಕೆಳಗಿದ್ದರೆ ನಂದಿಯೂ ಬ್ರಹ್ಮಗಿರಿಯೂ ಹೊಳೆ ನಡುವಿನ ನಡುಗಡ್ಡೆಗಳಂತೆ ಕಾಣುತ್ತವೆ. ಮೋಡ ಬರದ ದಿನವೂ ಇರುತ್ತದೆ. ಆ ದಿನ ಸುತ್ತಲಿನ ಕೆರೆಗಳನ್ನು ಎಣಿಸಿ. ಮಂಡಿ ನೋವಿದ್ದವರಿಗೆ ಇಳಿತದಲ್ಲಿ ಒಂದು ಕೋಲು ದೊಡ್ಡ ಉಪಕಾರ.

ಮೂರನೇ ದಿನ: ಗೌರಿಬಿದನೂರಿಗೆ ಇಳಿತ

ಚಿಕ್ಕಬಳ್ಳಾಪುರ 900 ಮೀಟರಿನ ಮೇಲಿದ್ದರೆ ಗೌರಿಬಿದನೂರು 700ರ ಆಸುಪಾಸು. ಅಂದರೆ ಪೂರ್ವದಿಂದ ಪಶ್ಚಿಮಕ್ಕೆ ಹೋದರೆ ಒಟ್ಟಾರೆ ಇಳಿತ, ವಾಪಸು ಬಂದರೆ ಏರು. ಹಾಗಾಗಿ ವಾಪಸು ಬರಬೇಡಿ! ಬೆಂಗಳೂರಿನವರಿಗೆ ಎರಡು ರೈಲು ಮಾರ್ಗಗಳ ಅನುಕೂಲವಿದೆ. ಯಲಹಂಕದಿಂದ ಒಂದು ಮಾರ್ಗ ದೇವನಹಳ್ಳಿ, ನಂದಿ ಹಾಲ್ಟ್, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಹಾದು ಕೋಲಾರಕ್ಕೆ ಹೋಗುತ್ತದೆ. ಇನ್ನೊಂದು ದೊಡ್ಡಬಳ್ಳಾಪುರ, ತೊಂಡೇಬಾವಿ, ಗೌರಿಬಿದನೂರು, ವಿದುರಾಶ್ವತ್ಥ ದಾಟಿ ಹಿಂದೂಪುರಕ್ಕೆ. ಒಂದರಲ್ಲಿ ಬಂದು ಸೈಕಲ್ ತುಳಿದು ಇನ್ನೊಂದರಲ್ಲಿ ಮರಳಿ. ಮಡಚುವ ಸೈಕಲ್ಲಾದರೆ ಸುಲಭ. ದೊಡ್ಡದಾದರೆ ಲಗೇಜ್ ಬುಕಿಂಗ್ ಎಲ್ಲಿ ಆಗುತ್ತದೆಂದು ದೊಡ್ಡ ಸ್ಟೇಷನ್ನಿನಲ್ಲಿ ಮೊದಲೇ ಕೇಳಿ. ಚಿಕ್ಕಬಳ್ಳಾಪುರದ ಕಡೆ ರೈಲುಗಳು ಕಡಿಮೆ, ವೇಳಾಪಟ್ಟಿ ನೋಡಿಯೇ ದಿನ ಗೊತ್ತುಮಾಡಿ.

ದಾರಿಯಲ್ಲಿ ಮೊದಲ ನಿಲುಗಡೆ ರಂಗಸ್ಥಳದ ರಂಗನಾಥ. ಅಲ್ಲಿಂದ ಮಂಚೇನಹಳ್ಳಿಯ ಕಡೆಗೆ ಬೆಟ್ಟಗಳ ನಡುವಿನ ಇಳಿಜಾರಿನಲ್ಲಿ ಹೆದ್ದಾರಿ ಬಿಟ್ಟರೆ ಬೇರೆ ದಾರಿಯಿಲ್ಲ. ಈ ತುಂಡನ್ನು ಬೆಳಗ್ಗೆ ಎಂಟರೊಳಗೆ ಮುಗಿಸಿ, ಹಿಂದೆ ಕೆಂಪು ದೀಪ ಹಚ್ಚಿರಲಿ. ಮಂಚೇನಹಳ್ಳಿಯಲ್ಲಿ ತಿಂಡಿ. ಆಮೇಲೆ ಹಳ್ಳಿ ರಸ್ತೆ ಹಿಡಿದು ಮುಸುಕಿನ ಜೋಳದ ಹೊಲಗಳ ನಡುವೆ ಗೌರಿಬಿದನೂರು ಸೇರಬಹುದು. ನಾಯಿಗಳು ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯುವ ಬದಲು ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಓಟ ನಿಂತರೆ ಅವುಗಳ ಆಸಕ್ತಿಯೂ ನಿಲ್ಲುತ್ತದೆ.

ವಿದುರಾಶ್ವತ್ಥ ಗೌರಿಬಿದನೂರಿನಿಂದ ಆರೇಳು ಕಿಲೋಮೀಟರ್, ಉತ್ತರ ಪಿನಾಕಿನಿಯ ದಡದಲ್ಲಿ. ಹಳೆಯ ಅಶ್ವತ್ಥ 2001ರಲ್ಲಿ ಉರುಳಿತು, ಸುತ್ತಲಿನ ಸಾವಿರಾರು ನಾಗರಕಲ್ಲುಗಳು ಹಾಗೇ ಇವೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಇಲ್ಲೇ. ಸ್ಮಾರಕವನ್ನೂ ವೀರಸೌಧದ ಚಿತ್ರಗಳನ್ನೂ ನೋಡಲು ಬಿಡುವು ಇಟ್ಟುಕೊಳ್ಳಿ. ಗುಡಿಗೆ ಕೈಮುಗಿದು ಹೊರಟುಬಿಡುವವರೇ ಹೆಚ್ಚು, ಅದು ನ್ಯಾಯವಲ್ಲ.

ನಾಲ್ಕನೇ ದಿನ: ಶಿಡ್ಲಘಟ್ಟ, ಚಿಂತಾಮಣಿ, ಕೈವಾರ

ನೋಟಕ್ಕಿಂತ ಬದುಕು ನೋಡುವ ದಿನ ಇದು. ಬೆಳಗ್ಗೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ: ಜಾಲರಿಗಳಲ್ಲಿ ಸುರಿದ ಗೂಡು, ಕೈಯಲ್ಲಿ ಗೂಡು ಹಿಡಿದು ಕಿವಿ ಬಳಿ ಅಲ್ಲಾಡಿಸಿ ನೋಡುವ ರೀಲರ್‌ಗಳು. ವ್ಯಾಪಾರದ ನಡುವೆ ನಿಂತು ಫೋಟೊ ತೆಗೆಯುವ ಮುನ್ನ ಕೇಳಿ. ಊರಿನ ಗಲ್ಲಿಗಳಲ್ಲಿ ನೂಲು ಬಿಚ್ಚುವ ಘಟಕಗಳ ವಾಸನೆ ಮೂಗಿಗೆ ಹೊಡೆಯುತ್ತದೆ, ಐದು ನಿಮಿಷದಲ್ಲಿ ಒಗ್ಗುತ್ತದೆ. ಹೊರಗೆ ಬಂದರೆ ಹಿಪ್ಪುನೇರಳೆ ತೋಟ, ಮನೆ ಮುಂದೆ ಒರಗಿಸಿದ ಚಂದ್ರಂಕಿ. ಹುಳು ಮನೆಯೊಳಗೆ ಕರೆಯದೆ ಕಾಲಿಡಬೇಡಿ. ಹೊರಗಿನಿಂದ ರೋಗ ಬಂದರೆ ಬೆಳೆಯೇ ಹೋಗುತ್ತದೆ.

ಚಿಂತಾಮಣಿಗೆ ಒಳದಾರಿಯಲ್ಲೂ ಹೋಗಬಹುದು, ರೈಲಿನಲ್ಲೂ ಹೋಗಬಹುದು. ಅಲ್ಲಿಂದ ಕೈವಾರದ ಕಡೆ ಅಂಬಾಜಿದುರ್ಗದ ಬೆಟ್ಟಸಾಲು, ಕೈಲಾಸಗಿರಿಯ ಕೊರೆದ ಗುಹೆಗಳು. ಕೈವಾರದಲ್ಲಿ ಸಂತಕವಿ ತಾತಯ್ಯನ ಮಠ, ಅಮರನಾರೇಯಣ ಗುಡಿ. ಊರ ಹಿಂದಿನ ಬೆಟ್ಟದಲ್ಲೇ ಭೀಮ ಬಕಾಸುರನನ್ನು ಕೊಂದನೆಂದು ಐತಿಹ್ಯ. ಬೆಟ್ಟ ಹತ್ತುವ ಆಸೆಯಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ. ಮಧ್ಯಾಹ್ನದ ಊಟಕ್ಕೆ ಮಠದ ದಾಸೋಹವಿದೆ. ಊಟವಾದ ಮೇಲೆ ಒಂದು ಗಂಟೆ ಮರದಡಿ ಕಳೆದು, ಬಿಸಿಲು ಇಳಿದ ಮೇಲೆ ಚಿಂತಾಮಣಿಗೆ ಹೊರಡಿ. ಕತ್ತಲಾಗುವ ಮುಂಚೆ ಊರು ಸೇರುವಂತಿರಲಿ. ಕೈವಾರ ಕ್ರಾಸಿನ ಆಚೆ ಬೆಂಗಳೂರು ರಸ್ತೆಯಲ್ಲಿ ಸಂಜೆ ಟೊಮೆಟೊ ಲಾರಿಗಳ ಓಡಾಟ ಜೋರು.