ಹಲ್ಲು ಸರಿಯುವುದು ತನ್ನ ವೇಗದಲ್ಲೇ

ಮಗಳ ಹಲ್ಲಿನ ಕ್ಲಿಪ್ ತೆಗೆಸಿದ ಮೇಲೆ ಸಿದ್ದಾಪುರ ಪೇಟೆಯಲ್ಲಿ ಸಿಕ್ಕಿದ ತಾಯಂದಿರೆಲ್ಲ ಕೇಳುವುದು ಒಂದೇ ಮಾತು: "ಸೆಲ್ಫ್ ಲೈಗೇಟಿಂಗ್ ಹಾಕ್ಸ್ರೆ ಬೇಗ ಆತ್ತಂಬ್ರ್, ಹೌದಾ?" ಸಾಮಾನ್ಯ ಲೋಹದ ಕ್ಲಿಪ್ಪಿಗಿಂತ ಅದಕ್ಕೆ ಸಾವಿರಾರು ರೂಪಾಯಿ ಹೆಚ್ಚು. ಕೂಲಿಯ ಮನೆಗೂ ತೋಟದ ಮನೆಗೂ ಅದು ಸಣ್ಣ ದುಡ್ಡಲ್ಲ. ಆದ್ದರಿಂದ ಕಲಿತದ್ದನ್ನು ಹೇಳುತ್ತೇನೆ.

ಹಲ್ಲಿಗೆ ಅಂಟಿಸುವ ಸಾಮಾನ್ಯ ಬ್ರ್ಯಾಕೆಟ್‌ನಲ್ಲಿ ತಂತಿಯನ್ನು ಹಿಡಿದಿಡುವುದು ಬಣ್ಣದ ಪುಟ್ಟ ರಬ್ಬರ್ ಉಂಗುರ, ಇಲ್ಲವೇ ತೆಳು ಉಕ್ಕಿನ ಎಳೆ. ರಬ್ಬರು ಬಾಯೊಳಗೆ ಬರಬರುತ್ತ ಬಿಗಿ ಕಳೆದುಕೊಳ್ಳುತ್ತದೆ, ಬದಲಿಸುತ್ತಿರಬೇಕು. ಸೆಲ್ಫ್ ಲೈಗೇಟಿಂಗ್‌ನಲ್ಲಿ ಬ್ರ್ಯಾಕೆಟ್ಟಿಗೇ ಒಂದು ಪುಟ್ಟ ಬಾಗಿಲು. ತಂತಿ ಕೂರಿಸಿ ಮುಚ್ಚಿದರೆ ಆಯಿತು. ಇದು ಹೊಸ ಕಲ್ಪನೆಯೇನಲ್ಲ. 1935ರಲ್ಲೇ ಅಮೆರಿಕದ ದಂತವೈದ್ಯ ಸ್ಟೋಲ್ಜೆನ್‌ಬರ್ಗ್ ಅಂಥದ್ದನ್ನು ಮಾಡಿದ್ದರು. 1990ರ ದಶಕದಲ್ಲಿ ಡೇಮನ್ ಎಂಬ ಹೆಸರಿನ ಬ್ರ್ಯಾಕೆಟ್ ಬಂದ ಮೇಲೆ ಅದಕ್ಕೆ ದೊಡ್ಡ ಪ್ರಚಾರ ಸಿಕ್ಕಿತು.

ತಂತಿಗೆ ಉಜ್ಜಾಟ ಕಡಿಮೆ, ಹಾಗಾಗಿ ಹಲ್ಲು ಬೇಗ ಸರಿಯುತ್ತದೆ ಎಂಬುದು ಪ್ರಚಾರದ ವಾದ. ಆದರೆ ಎರಡೂ ಬಗೆಯ ಚಿಕಿತ್ಸೆ ಪಡೆದವರನ್ನು ಹೋಲಿಸಿದ ಅಧ್ಯಯನಗಳನ್ನು ಒಟ್ಟಾಗಿ ನೋಡಿದ 2010ರ ಪರಿಶೀಲನೆಗಳಲ್ಲಿ ಚಿಕಿತ್ಸೆಯ ಒಟ್ಟು ಅವಧಿಯೂ ನೋವೂ ಕಡಿಮೆಯಾದದ್ದು ಕಾಣಲಿಲ್ಲ. ಕುರ್ಚಿಯಲ್ಲಿ ಕೂರುವ ಹೊತ್ತು ಮಾತ್ರ ಸ್ವಲ್ಪ ಉಳಿಯಿತು. ಕಾರಣ ಸರಳ. ಹಲ್ಲು ಸರಿಯಬೇಕಾದರೆ ಒಂದು ಬದಿಯ ಎಲುಬು ಕರಗಬೇಕು, ಇನ್ನೊಂದು ಬದಿಯಲ್ಲಿ ಹೊಸತು ಬೆಳೆಯಬೇಕು. ಆ ಕೆಲಸಕ್ಕೆ ದೇಹ ತೆಗೆದುಕೊಳ್ಳುವ ಕಾಲವನ್ನು ಬ್ರ್ಯಾಕೆಟ್ಟಿನ ಬಾಗಿಲು ಬದಲಿಸಲಾರದು.

ನಮ್ಮಂಥ ಊರಿನವರಿಗೆ ಸೆಲ್ಫ್ ಲೈಗೇಟಿಂಗ್‌ನಲ್ಲಿ ಲಾಭ ಇರುವುದಾದರೆ ಅದು ಬೇರೆ ಕಡೆ. ಶಂಕರನಾರಾಯಣ, ಹಾಲಾಡಿ ದಾಟಿ ಕುಂದಾಪುರದ ದಂತವೈದ್ಯರಲ್ಲಿಗೆ ಬಸ್ಸಿನಲ್ಲಿ ಹೋಗಿ ಬಂದರೆ ಶಾಲೆಯ ಒಂದು ದಿನ ಹೋಯಿತು. ಜೊತೆಗೆ ಹೋದವರ ಕೆಲಸವೂ ಹೋಯಿತು. ರಬ್ಬರ್ ಬದಲಿಸುವ ಅಗತ್ಯವಿಲ್ಲದ ಕಾರಣ ಕೆಲವು ವೈದ್ಯರು ಭೇಟಿಗಳ ನಡುವೆ ಹೆಚ್ಚು ಅಂತರ ಕೊಡುತ್ತಾರೆ. ಎಲ್ಲರೂ ಕೊಡುವುದಿಲ್ಲ. ಒಪ್ಪುವ ಮೊದಲೇ ಕೇಳಿ: ಎಷ್ಟು ವಾರಕ್ಕೊಮ್ಮೆ ಬರಬೇಕು? ಬ್ರ್ಯಾಕೆಟ್ ಕಳಚಿದರೆ, ಬಾಗಿಲು ಮುರಿದರೆ ಮತ್ತೆ ಹಣವೇ? ನೋಡುವವರು ಹಲ್ಲು ಸರಿಪಡಿಸುವ ವಿಭಾಗವಾದ ಆರ್ಥೊಡಾಂಟಿಕ್ಸ್‌ನಲ್ಲಿ ಎಂ.ಡಿ.ಎಸ್. ಮಾಡಿದವರೇ? ಸಂಶಯವಿದ್ದರೆ ಮಣಿಪಾಲದ ದಂತ ಕಾಲೇಜಿನಲ್ಲಿ ಇನ್ನೊಂದು ಅಭಿಪ್ರಾಯ ಪಡೆಯಬಹುದು. 1965ರಿಂದ ನಡೆಯುತ್ತಿರುವ ಸಂಸ್ಥೆ ಅದು.

ಯಾವ ಕ್ಲಿಪ್ ಹಾಕಿದರೂ ಮನೆಯ ಕೆಲಸ ತಪ್ಪುವುದಿಲ್ಲ. ಚಕ್ಕುಲಿ, ಹಲಸಿನ ಹಪ್ಪಳ, ಕಬ್ಬು ಆಗದು. ಕೋರಿ ರೊಟ್ಟಿಯನ್ನು ಸಾರಿನಲ್ಲಿ ಪೂರ್ತಿ ಮೆತ್ತಗಾಗುವವರೆಗೆ ನೆನೆಸಿ ಮಗಳಿಗೆ ಬಡಿಸುತ್ತಿದ್ದೆ. ತಂತಿಯ ಅಡಿಗೆ ಹೋಗುವ ಸಣ್ಣ ಬ್ರಷ್ ಇಲ್ಲದೆ ರಾತ್ರಿ ಮಲಗುವಂತಿರಲಿಲ್ಲ. ಬ್ರ್ಯಾಕೆಟ್ ಸುತ್ತ ಕೊಳೆ ನಿಂತರೆ ಹಲ್ಲಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಗಟ್ಟಿ ಕಿಟ್ಟ ಕಟ್ಟಿದರೆ ಆ ದುಬಾರಿ ಬಾಗಿಲೂ ತೆರೆಯಲು ಕಷ್ಟ.

ಕ್ಲಿಪ್ ತೆಗೆದ ದಿನ ಚಿಕಿತ್ಸೆ ಮುಗಿಯುವುದಿಲ್ಲ. ಸರಿದ ಹಲ್ಲು ಹಳೆಯ ಜಾಗಕ್ಕೆ ಮರಳಲು ನೋಡುತ್ತದೆ. ಅದನ್ನು ತಡೆಯುವುದು ರಿಟೇನರ್. ವೈದ್ಯರು ಹೇಳಿದಷ್ಟು ಕಾಲ ಅದನ್ನು ಹಾಕಲೇಬೇಕು. ಹೆಚ್ಚು ದುಡ್ಡು ಕೊಡುವುದಿದ್ದರೆ ಬಸ್ಸಿನ ಓಡಾಟ ತಗ್ಗುತ್ತದೆಯೇ ಎಂದು ಖಚಿತಪಡಿಸಿಕೊಂಡು ಕೊಡಿ. ಬೇಗ ಮುಗಿಯುತ್ತದೆಂಬ ಆಸೆಗೆ ಕೊಡಬೇಡಿ. ಆ ದುಡ್ಡಿನಲ್ಲಿ ಒಂದು ಪಾಲನ್ನು ರಿಟೇನರಿಗೂ ಮುಂದಿನ ತಪಾಸಣೆಗೂ ತೆಗೆದಿಡಿ.