ಬೇಸ್‌ಬಾಲ್ ವಿಡಿಯೊ ಆಟ: ಕ್ರಿಕೆಟ್ ಬಲ್ಲವರಿಗೆ ಒಂದು ಪಾಠ

ಕ್ರಿಕೆಟ್ಟಿನಲ್ಲಿ ಪಳಗಿದ ಹುಡುಗನೊಬ್ಬ ಬೇಸ್‌ಬಾಲ್ ವಿಡಿಯೊ ಆಟವನ್ನು ಮೊದಲ ಸಲ ಆಡಲು ಕುಳಿತಾಗ ನಡೆಯುವುದು ಬಹುಮಟ್ಟಿಗೆ ಒಂದೇ ಬಗೆಯಾಗಿರುತ್ತದೆ. ಬಂದ ಚೆಂಡಿಗೆಲ್ಲ ಅವನು ದಾಂಡು ಬೀಸುತ್ತಾನೆ. ಮೂರು ಚೆಂಡುಗಳಲ್ಲಿ ಒಬ್ಬ ಔಟಾಗುತ್ತಾನೆ. ಒಂಬತ್ತು ಚೆಂಡುಗಳಲ್ಲಿ ತಂಡದ ಸರದಿಯೇ ಮುಗಿದುಹೋಗುತ್ತದೆ. ಇದೆಂಥ ಆಟವೆಂದು ಬೇಸರಪಟ್ಟು ಅವನು ಎದ್ದುಹೋಗುತ್ತಾನೆ. ಒಂದು ಭಾಷೆಯ ವ್ಯಾಕರಣವನ್ನು ಮತ್ತೊಂದಕ್ಕೆ ಹಚ್ಚಿದಾಗ ಆಗುವ ತೊಡಕೇ ಇಲ್ಲಿಯೂ ಆಗಿರುವುದು.

ರಾಜರಾಜೇಶ್ವರಿನಗರದವರಿಗೆ ಈ ವಿಷಯ ತಮ್ಮದಲ್ಲವೆಂದು ತೋರುವುದು ಸಹಜ. ಮೈಸೂರು ರಸ್ತೆಯ ಕಮಾನನ್ನು ದಾಟಿ ಒಳಬಂದರೆ, ಮನೆ ಕಟ್ಟದೆ ಉಳಿದ ನಿವೇಶನಗಳಲ್ಲಿ ಮಕ್ಕಳು ಆಡುವುದು ಕ್ರಿಕೆಟ್ಟನ್ನೇ. ಆದರೆ ಈ ಬಡಾವಣೆಯ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ರಜೆಗೆಂದು ಬರುವ ಮೊಮ್ಮಗ ತಾತನ ಟಿ.ವಿ.ಗೆ ಆಟದ ಪೆಟ್ಟಿಗೆಯನ್ನು ಜೋಡಿಸಿ ಗಂಟೆಗಟ್ಟಲೆ ತನ್ನಷ್ಟಕ್ಕೆ ತಾನು ಆಡುತ್ತಿರುತ್ತಾನೆ. ತಾತನಿಗೆ ಆ ಆಟ ತಿಳಿಯದು; ಅದನ್ನು ತಿಳಿಸಿ ಹೇಳುವಷ್ಟು ಕನ್ನಡ ಮೊಮ್ಮಗನಿಗೆ ಬಾರದು. ಎರಡು ತಿಂಗಳ ರಜೆ ಹೀಗೆಯೇ ಕಳೆದುಹೋಗುವುದುಂಟು. ಇನ್ನು ಇಲ್ಲಿಯೇ ಬೆಳೆಯುವ ಮಕ್ಕಳ ಮಾತು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ 2019ರಲ್ಲಿ ದೆಹಲಿಯಲ್ಲಿ ಕಚೇರಿಯನ್ನು ತೆರೆದು, ದೆಹಲಿ, ಮುಂಬೈ, ಬೆಂಗಳೂರುಗಳ ಶಾಲೆಗಳಲ್ಲಿ ಈ ಆಟವನ್ನು ಪರಿಚಯಿಸುವ ಕಾರ್ಯಕ್ರಮವನ್ನು ಕೈಗೊಂಡಿತು. ಆದ್ದರಿಂದ ಉಪಾಧ್ಯಾಯರೂ ಈ ಆಟದ ಮೂಲಸೂತ್ರಗಳನ್ನು ಅರಿತಿರುವುದು ಅನುಚಿತವಾಗಲಾರದು.

ಬೇಸ್‌ಬಾಲನ್ನು ಯಂತ್ರದೊಳಗೆ ಅಳವಡಿಸುವ ಯತ್ನ ಹಳೆಯದು. ಜಾನ್ ಬರ್ಗೆಸನ್ ಎಂಬವರು 1961ರ ಸುಮಾರಿನಲ್ಲಿ ಐ.ಬಿ.ಎಂ. 1620 ಗಣಕಯಂತ್ರದಲ್ಲಿ ಇದನ್ನು ಸಾಧಿಸಿದರು. ಆ ಆಟದಲ್ಲಿ ಚಿತ್ರವಿರಲಿಲ್ಲ. ಪಂದ್ಯದ ವರದಿ ಕಾಗದದ ಮೇಲೆ ಅಚ್ಚಾಗಿ ಬರುತ್ತಿತ್ತು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ 'ಬೇಸ್‌ಬಾಲ್' ಆಟವಂತೂ, ಯಾರೂ ಗಮನಿಸದಿದ್ದರೂ, ಬೆಂಗಳೂರಿನ ಮನೆಗಳೊಳಗೆ ಬಂದುಹೋಗಿದೆ. 1990ರ ದಶಕದಲ್ಲಿ ಮಾರುಕಟ್ಟೆಯಲ್ಲಿ ದೊರೆಯುತ್ತಿದ್ದ ಟಿ.ವಿ. ಗೇಮ್‌ಗಳ ಬಹು ಆಟಗಳ ಕ್ಯಾಸೆಟ್ಟುಗಳಲ್ಲಿ ಮಾರಿಯೊ, ಕಾಂಟ್ರಾಗಳ ನಡುವೆ ಅದೂ ಇರುತ್ತಿತ್ತು. ಹುಡುಗರು ಒಮ್ಮೆ ತೆರೆದು ನೋಡಿ, ತಲೆಬುಡ ತಿಳಿಯದೆ ಮುಂದಿನ ಆಟಕ್ಕೆ ಹೋಗುತ್ತಿದ್ದರು. ಅಂದು ಅದನ್ನು ವಿವರಿಸುವವರು ಇದ್ದಿದ್ದರೆ! ಇದೇ ಊರಿನಲ್ಲಿ 1997ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಆಟ ತಯಾರಿಕೆಯ ಸಂಸ್ಥೆ ಸ್ಥಾಪನೆಗೊಂಡು, 2019ರಲ್ಲಿ ರಾಕ್‌ಸ್ಟಾರ್ ಕಂಪನಿಯ ವಶಕ್ಕೆ ಹೋಯಿತೆಂಬುದನ್ನು ನೆನೆದರೆ, ಆಟವನ್ನು ಕಟ್ಟುವ ವಿದ್ಯೆ ಇಲ್ಲಿಗೆ ಬಂದಷ್ಟು ಬೇಗ ಆಟವನ್ನು ಓದುವ ವಿದ್ಯೆ ಬರಲಿಲ್ಲವೆನ್ನಬೇಕು.

ಮೊದಲು ಕ್ರೀಡಾಂಗಣದ ರೂಪವನ್ನು ಮನಸ್ಸಿನಲ್ಲಿ ಮೂಡಿಸಿಕೊಳ್ಳಬೇಕು. ಚಚ್ಚೌಕವೊಂದನ್ನು ಮೂಲೆಯ ಮೇಲೆ ನಿಲ್ಲಿಸಿದಂತೆ ಕಲ್ಪಿಸಿಕೊಂಡರೆ, ಕೆಳಗಿನ ಮೂಲೆಯೇ ದಾಂಡಿಗನ ಸ್ಥಾನ. ಅದಕ್ಕೆ ಹೋಮ್ ಎಂದು ಹೆಸರು. ಬಲಮೂಲೆ ಒಂದನೆಯ ಬೇಸ್, ಮೇಲಿನದು ಎರಡನೆಯದು, ಎಡಗಡೆಯದು ಮೂರನೆಯದು. ಒಂದರಿಂದ ಮತ್ತೊಂದಕ್ಕೆ 90 ಅಡಿಗಳ ಅಂತರ. ಈ ಮೂರನ್ನೂ ಸುತ್ತಿ ಹೋಮ್‌ಗೆ ಮರಳಿದರೆ ಒಂದು ಓಟ. ಈಗ ಆಟದ ರಿಮೋಟನ್ನು ಕೈಯಲ್ಲಿ ಹಿಡಿದು ನೋಡಬೇಕು. ಬಲಗೈ ಹೆಬ್ಬೆರಳಿನ ಕೆಳಗಿರುವ ನಾಲ್ಕು ಗುಂಡಿಗಳೂ ಇದೇ ಆಕಾರದಲ್ಲಿವೆ. ಚೆಂಡನ್ನು ಒಂದನೆಯ ಬೇಸಿಗೆ ಎಸೆಯಬೇಕಾದರೆ ಬಲಗಡೆಯ ಗುಂಡಿ, ಎರಡನೆಯದಕ್ಕೆ ಮೇಲಿನದು, ಮೂರನೆಯದಕ್ಕೆ ಎಡಗಡೆಯದು, ಹೋಮ್‌ಗೆ ಕೆಳಗಿನದು. 1983ರ ಆಟದಲ್ಲಿ ದಿಕ್ಕಿನ ಕೀಲಿಯಿಂದ ನಡೆಯುತ್ತಿದ್ದುದೂ ಇದೇ ಏರ್ಪಾಡು. ಇದನ್ನು ಗ್ರಹಿಸಿದವನಿಗೆ ಕಂಠಪಾಠದ ಅಗತ್ಯವಿಲ್ಲ; ಮೈದಾನವೇ ಅವನ ಹೆಬ್ಬೆರಳಿನ ಕೆಳಗೆ ಇರುತ್ತದೆ.

ಇನ್ನು ಬ್ಯಾಟಿಂಗ್. ಈ ಪಾಠದ ಕಷ್ಟವೆಲ್ಲ ಇರುವುದು ಇಲ್ಲಿಯೇ. ಬೇಸ್‌ಬಾಲಿನ ಚೆಂಡು ನೆಲಕ್ಕೆ ಬಡಿದು ಪುಟಿಯುವುದಿಲ್ಲ. ಗಾಳಿಯಲ್ಲಿಯೇ ಬಂದು, ಗಾಳಿಯಲ್ಲಿಯೇ ಬಾಗುತ್ತದೆ. ಪಿಚರ್ ನಿಲ್ಲುವುದು 60 ಅಡಿ 6 ಅಂಗುಲ ದೂರದಲ್ಲಿ. ಗಂಟೆಗೆ 145 ಕಿಲೋಮೀಟರ್ ವೇಗದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ದಾಂಡಿಗನನ್ನು ತಲಪುತ್ತದೆ. ಕ್ರಿಕೆಟ್ಟಿನ ಕಣ್ಣಿಗೆ ಪ್ರತಿಯೊಂದೂ ಫುಲ್‌ಟಾಸ್‌ನಂತೆ ಕಾಣುವುದರಿಂದ ಕೈ ತಾನಾಗಿಯೇ ಬೀಸುತ್ತದೆ. ಆದರೆ ಇಲ್ಲಿ ಹೋಮ್‌ನ ಅಗಲಕ್ಕೆ ಸರಿಯಾಗಿ, ಆಟಗಾರನ ಎದೆಯ ನಡುಭಾಗದಿಂದ ಮೊಣಕಾಲಿನ ಕೆಳಗಿನವರೆಗೆ ಕಣ್ಣಿಗೆ ಕಾಣದ ಕಿಟಕಿಯೊಂದಿದೆ. ಅದರೊಳಗೆ ಬಂದುದನ್ನು ಬಿಟ್ಟರೆ ಸ್ಟ್ರೈಕ್. ಎಲ್ಲಿಯೇ ಬರಲಿ, ಬೀಸಿ ತಪ್ಪಿದರೂ ಸ್ಟ್ರೈಕ್. ಮೂರು ಸ್ಟ್ರೈಕಿಗೆ ಔಟ್. ಕಿಟಕಿಯ ಹೊರಗೆ ಹೋದುದನ್ನು ಮುಟ್ಟದೆ ಬಿಟ್ಟರೆ 'ಬಾಲ್' ಎಂಬ ಲೆಕ್ಕ. ನಾಲ್ಕು ಬಾಲ್‌ಗಳಾದರೆ ದಾಂಡಿಗ ನಡೆದುಕೊಂಡೇ ಒಂದನೆಯ ಬೇಸನ್ನು ಸೇರಬಹುದು. ಸುಮ್ಮನೆ ನಿಂತವನಿಗೂ ಆಟ ಪ್ರತಿಫಲ ಕೊಡುತ್ತದೆ. ಹೊರಹೋಗುವ ಚೆಂಡನ್ನು ಬಿಡುವುದರಲ್ಲಿ ರಾಹುಲ್ ದ್ರಾವಿಡ್ ತೋರಿದ ಸಂಯಮವನ್ನು ಕಂಡವರಿಗೆ ಈ ತತ್ತ್ವ ಬೇಗನೆ ಅರಿವಾಗುತ್ತದೆ. ಇಪ್ಪತ್ತು ಓವರುಗಳ ಆಟವನ್ನೇ ನೋಡಿ ಬೆಳೆದವರಿಗೆ ತುಸು ಕಾಲ ಬೇಕು.

ಹೊಸಬರು ಮೊದಲ ಸಂಜೆಯಲ್ಲಿ ಬೀಸುವ ಗುಂಡಿಯನ್ನು ಮುಟ್ಟಲೇಬಾರದು. ಚೆಂಡು ಪಿಚರನ ಕೈಬಿಟ್ಟೊಡನೆ 'ಒಳಗೆ' ಅಥವಾ 'ಹೊರಗೆ' ಎಂದು ಬಾಯಿಬಿಟ್ಟು ಹೇಳಿ, ತೀರ್ಪಿನೊಡನೆ ತಾಳೆ ನೋಡಬೇಕು. ಪರದೆಯ ಮೇಲೆ ಬಾಲ್ ಮತ್ತು ಸ್ಟ್ರೈಕುಗಳ ಲೆಕ್ಕ ಕಾಣುತ್ತಿರುತ್ತದೆ. ಮೂರು ಬಾಲ್, ಒಂದು ಸ್ಟ್ರೈಕ್ ಇರುವಾಗ ಇಕ್ಕಟ್ಟು ಪಿಚರನದು. ಅವನು ಕಿಟಕಿಯೊಳಗೇ ಎಸೆಯಬೇಕಾಗುತ್ತದೆ. ಬಾಲ್ ಒಂದೂ ಇಲ್ಲದೆ ಸ್ಟ್ರೈಕ್ ಎರಡಾಗಿದ್ದರೆ ಅವನು ಆಸೆ ತೋರಿಸಿ ಹೊರಗೆ ಎಸೆಯುತ್ತಾನೆ. ಈ ಲೆಕ್ಕವನ್ನು ಓದಬಲ್ಲವನಿಗೆ ಅರ್ಧ ಆಟ ವಶವಾದಂತೆಯೇ.

ಮತ್ತೊಂದು ತೊಡಕು ಫೌಲ್. ಕ್ರಿಕೆಟ್ಟಿನಲ್ಲಿ ಮೈದಾನದ ಎಲ್ಲ ದಿಕ್ಕುಗಳೂ ದಾಂಡಿಗನವೇ. ಇಲ್ಲಿ ಅವನ ಮುಂದಿರುವ ಕಾಲುಭಾಗ ಮಾತ್ರ ಅವನದು. ಗುಂಡಪ್ಪ ವಿಶ್ವನಾಥರ ಸೊಗಸಾದ ಸ್ಕ್ವೇರ್ ಕಟ್ ಕೂಡ ಬೇಸ್‌ಬಾಲಿನಲ್ಲಿ ಬರಿಯ ಫೌಲ್ ಎನಿಸಿಕೊಳ್ಳುತ್ತಿತ್ತು! ಮೊದಲೆರಡು ಫೌಲ್‌ಗಳು ಸ್ಟ್ರೈಕಿಗೆ ಸಮ. ಎರಡು ಸ್ಟ್ರೈಕುಗಳಾದ ಬಳಿಕ ಸಾಧಾರಣವಾಗಿ ಫೌಲಿನಿಂದ ಔಟಾಗುವುದಿಲ್ಲ. ಚೆಂಡು ಆ ಕಾಲುಭಾಗದೊಳಗೆ ಬಿದ್ದರೆ ಓಡಲೇಬೇಕು. ನಿಲ್ಲುವ ಸ್ವಾತಂತ್ರ್ಯ ಅವನಿಗಿಲ್ಲ.

ಎಸೆತದ ಪಾಠವನ್ನು ಕನ್ನಡಿಗರು ಸುಲಭವಾಗಿ ಕಲಿಯಬಲ್ಲರು. ಎರಪಳ್ಳಿ ಪ್ರಸನ್ನರು ಚೆಂಡಿಗೆ ಹಾರಾಟ ಕೊಟ್ಟು, ವೇಗವನ್ನು ಅರಿಯದಂತೆ ಬದಲಿಸಿ ದಾಂಡಿಗನನ್ನು ಮುಂದಕ್ಕೆ ಸೆಳೆಯುತ್ತಿದ್ದುದು ಹಿರಿಯರ ನೆನಪಿನಲ್ಲಿ ಹಸಿರಾಗಿದೆ. ಬೇಸ್‌ಬಾಲಿನ ಪಿಚರನ ಕೌಶಲವೂ ಇದೇ ಜಾತಿಯದು. ವೇಗದ ಎಸೆತದ ತೋಳಿನ ಚಲನೆಯಿಂದಲೇ ನಿಧಾನದ ಚೆಂಡನ್ನು ಕಳುಹಿಸಿದಾಗ ದಾಂಡಿಗ ಮೊದಲೇ ಬೀಸಿಬಿಡುತ್ತಾನೆ. ಹೊಸಬರು ಹತ್ತಾರು ಬಗೆಯ ಎಸೆತಗಳಿಗೆ ಕೈಹಾಕದೆ, ವೇಗದ ಒಂದನ್ನೂ ನಿಧಾನದ ಒಂದನ್ನೂ ಮೇಲೆಕೆಳಗೆ ಬದಲಿಸುತ್ತ ಹೋದರೆ ಸಾಕು. ಸತತವಾಗಿ ವೇಗವನ್ನೇ ಒತ್ತುವುದು ಹುಡುಗರ ಸಾಮಾನ್ಯ ದೋಷ. ಯಂತ್ರವಾಗಲಿ ಎದುರಾಳಿಯಾಗಲಿ ಅದನ್ನು ಬೇಗನೆ ಹೊಂಚಿಕೊಳ್ಳುತ್ತದೆ.

ಓಟದ ನಿಯಮಗಳು ಕೊನೆಗೆ ಉಳಿಯಲಿ. ಎರಡು ಸಂಗತಿಗಳನ್ನು ತಿಳಿದರೆ ಸದ್ಯಕ್ಕೆ ಸಾಕು. ಚೆಂಡು ಕ್ಯಾಚಾದರೆ, ಅದಕ್ಕೆ ಮೊದಲೇ ಓಡಿದವನು ತನ್ನ ಬೇಸಿಗೆ ಹಿಂದಿರುಗಿ ಬರಬೇಕು. ಹಿಂದಿನಿಂದ ಬರುವ ಓಟಗಾರನಿಗಾಗಿ ಜಾಗ ಬಿಡಲೇಬೇಕಾದವನನ್ನು ಔಟ್ ಮಾಡಲು ಚೆಂಡು ಹಿಡಿದು ಬೇಸನ್ನು ಮುಟ್ಟಿದರಾಯಿತು. ಅಂಥ ಒತ್ತಾಯವಿಲ್ಲದವನನ್ನಾದರೆ ಅವನ ಮೈಗೇ ಮುಟ್ಟಿಸಬೇಕು. ಒಂದನೆಯ ಬೇಸಿನಲ್ಲಿ ಓಟಗಾರನಿದ್ದು ನೆಲದ ಮೇಲೆ ಉರುಳುವ ಚೆಂಡು ಬಂದಾಗ ಮೇಲಿನ ಗುಂಡಿ, ಕೂಡಲೆ ಬಲಗಡೆಯ ಗುಂಡಿ: ಒಂದೇ ಹೊಡೆತಕ್ಕೆ ಇಬ್ಬರು ಔಟ್. ಈ ಆಟದಲ್ಲಿ ಇದಕ್ಕಿಂತ ಹಿತವಾದ ಗಳಿಗೆ ಕಡಮೆ.

2006ರಿಂದ ಹೊರಬರುತ್ತಿರುವ 'ಎಂ.ಎಲ್.ಬಿ. ದಿ ಶೋ' ಎಂಬ ಪ್ರಸಿದ್ಧ ಆಟದಲ್ಲಿ ಕಲಿಯುವವರಿಗೆ ಬೇಕಾದ ಅನುಕೂಲಗಳಿವೆ. ಚೆಂಡು ಹಿಡಿಯುವುದನ್ನೂ ಓಟವನ್ನೂ ಯಂತ್ರಕ್ಕೇ ಒಪ್ಪಿಸಿ, ಬ್ಯಾಟಿಂಗ್ ಒಂದನ್ನೇ ಅಭ್ಯಾಸ ಮಾಡಬಹುದು. ಕಲಿತಂತೆಲ್ಲ ಕಠಿಣತೆ ತಾನಾಗಿಯೇ ಏರುವ ಏರ್ಪಾಡೂ ಉಂಟು. ಒಂಬತ್ತು ಸರದಿಗಳ ಪೂರ್ಣ ಪಂದ್ಯಕ್ಕೆ ಬದಲಾಗಿ ಮೂರು ಸರದಿಗಳ ಪಂದ್ಯವನ್ನು ಆರಿಸಿಕೊಂಡರೆ ಊಟದ ಹೊತ್ತಿಗೆ ಮುಗಿಯುತ್ತದೆ.

ಹಿರಿಯರ ಎಚ್ಚರಿಕೆ ಬೇಕಾದ ವಿಷಯ ಇನ್ನೊಂದಿದೆ. ಆಟಗಾರರ ಚಿತ್ರಪಟಗಳನ್ನು ಕೂಡಿಸಿ ತಂಡ ಕಟ್ಟುವ ವಿಭಾಗದಲ್ಲಿ ಒಳಗೇನಿದೆಯೆಂದು ತಿಳಿಯದ ಪೊಟ್ಟಣಗಳನ್ನು ಕೊಳ್ಳಬಹುದು. ಆಡಿ ಗಳಿಸಿದ ನಾಣ್ಯಗಳಂತೆ ನಿಜವಾದ ಹಣದಿಂದ ಕೊಂಡ ನಾಣ್ಯಗಳೂ ಅಲ್ಲಿ ಸಲ್ಲುತ್ತವೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆ ಹಣ ಪಣಕ್ಕಿಟ್ಟು ಆಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗಳನ್ನು ಬೇರೆಯಾಗಿ ಗುರುತಿಸಿದೆ. ಎಲ್ಲ ವಿಡಿಯೊ ಆಟಗಳನ್ನೂ ಜೂಜೆಂದು ದೂರುವ ಪೋಷಕರು ಈ ಭೇದವನ್ನು ಅರಿಯಬೇಕು. ಆದರೆ ಈ ಪೊಟ್ಟಣಗಳಿಂದ ಮಗುವಿಗೆ ಆಟದ ಅರಿವು ಎಳ್ಳಷ್ಟೂ ಹೆಚ್ಚುವುದಿಲ್ಲ. ಪೆಟ್ಟಿಗೆಗೆ ಬ್ಯಾಂಕಿನ ಕಾರ್ಡನ್ನು ಜೋಡಿಸದಿರುವುದು, ಜೋಡಿಸಿದ್ದರೆ ಖರೀದಿಗೆ ಗುಪ್ತಸಂಖ್ಯೆಯನ್ನಿಟ್ಟು ಅದನ್ನು ಹಿರಿಯರ ಬಳಿಯೇ ಇರಿಸಿಕೊಳ್ಳುವುದು, ಆಟ ತೊಡಗುವ ಮೊದಲೇ ಮಾಡಬೇಕಾದ ಕೆಲಸ.