ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್: ಪುರುಷರು ತಿಳಿದಿರಬೇಕಾದ ಸಂಗತಿಗಳು

ಪ್ರಾಸ್ಟೇಟ್ ಎಂಬುದು ಪುರುಷರಲ್ಲಿ ಮಾತ್ರ ಇರುವ ಒಂದು ಗ್ರಂಥಿ. ಗಾತ್ರದಲ್ಲಿ ಸುಮಾರು ಒಂದು ಅಕ್ರೋಟಿನಷ್ಟಿರುವ ಈ ಗ್ರಂಥಿಯು ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಇದ್ದು, ಮೂತ್ರವು ಹೊರಬರುವ ನಾಳವನ್ನು ಉಂಗುರದಂತೆ ಸುತ್ತುವರಿದಿರುತ್ತದೆ. ವೀರ್ಯದ ದ್ರವಾಂಶದಲ್ಲಿ ಒಂದು ಭಾಗವನ್ನು ಸ್ರವಿಸುವುದು ಇದರ ಕಾರ್ಯ. ಯೌವನದಲ್ಲಿ ಇಂಥದೊಂದು ಗ್ರಂಥಿ ದೇಹದಲ್ಲಿದೆ ಎಂಬುದೇ ಯಾರ ಗಮನಕ್ಕೂ ಬರುವುದಿಲ್ಲ. ವಯಸ್ಸು ಐವತ್ತು ದಾಟಿದ ಮೇಲೆ ಇದು ತನ್ನ ಇರವನ್ನು ಎರಡು ರೀತಿಯಲ್ಲಿ ತೋರಿಸಿಕೊಳ್ಳಬಹುದು. ಆ ಎರಡರ ನಡುವಣ ವ್ಯತ್ಯಾಸವನ್ನು ತಿಳಿಯುವುದೇ ಈ ವಿಷಯದ ಮೊದಲ ಪಾಠ.

ಮೊದಲನೆಯದು ಗ್ರಂಥಿಯ ಸಾಮಾನ್ಯ ಊತ. ಇದು ಕ್ಯಾನ್ಸರ್ ಅಲ್ಲ. ಮುಂದೆ ಕ್ಯಾನ್ಸರಾಗಿ ಮಾರ್ಪಡುವಂಥದೂ ಅಲ್ಲ. ತಲೆಗೂದಲು ನರೆಯುವಂತೆ ವಯಸ್ಸಿನೊಡನೆ ಬರುವ ಈ ಬೆಳವಣಿಗೆಯು ಗ್ರಂಥಿಯ ಒಳಭಾಗದಲ್ಲಿ, ಮೂತ್ರನಾಳದ ಮಗ್ಗುಲಲ್ಲೇ ಆಗುವುದರಿಂದ ನಾಳವು ಒತ್ತಲ್ಪಟ್ಟು ಮೂತ್ರದ ಧಾರೆ ಸಣ್ಣಗಾಗುತ್ತದೆ, ರಾತ್ರಿ ಮೂರು ನಾಲ್ಕು ಬಾರಿ ಏಳಬೇಕಾಗುತ್ತದೆ, ವಿಸರ್ಜಿಸಿದ ಮೇಲೂ ಪೂರ್ತಿಯಾಗಲಿಲ್ಲವೆಂಬ ಭಾವನೆ ಉಳಿಯುತ್ತದೆ. ಎರಡನೆಯದಾದ ಕ್ಯಾನ್ಸರ್ ಬಹುಮಟ್ಟಿಗೆ ಗ್ರಂಥಿಯ ಹೊರ ಅಂಚಿನಲ್ಲಿ, ಹಿಂಬದಿಯಲ್ಲಿ ಹುಟ್ಟುತ್ತದೆ. ಮೂತ್ರನಾಳವು ಅಲ್ಲಿಂದ ದೂರವಿರುವ ಕಾರಣ ಪ್ರಾರಂಭದಲ್ಲಿ ಯಾವ ತೊಂದರೆಯೂ ಕಾಣಿಸದಿರಬಹುದು. ಆದ್ದರಿಂದ “ಮೂತ್ರ ಸರಾಗವಾಗಿ ಹೋಗುತ್ತಿದೆ, ನನಗೇನೂ ಆಗಿಲ್ಲ” ಎಂಬ ಸಮಾಧಾನಕ್ಕೆ ಆಧಾರವಿಲ್ಲ. ಅದೇ ರೀತಿ “ಮೂತ್ರ ತಡೆಯುತ್ತಿದೆ, ಕ್ಯಾನ್ಸರೇ ಇರಬೇಕು” ಎಂಬ ಗಾಬರಿಗೂ ಸಾಮಾನ್ಯವಾಗಿ ಕಾರಣವಿಲ್ಲ. ಇವೆರಡನ್ನೂ ಬಗೆಹರಿಸುವುದು ಪರೀಕ್ಷೆಯೊಂದೇ.

ನಮ್ಮ ದೇಶದಲ್ಲಿ ಊರು ಊರಿನ ಕ್ಯಾನ್ಸರ್ ರೋಗಿಗಳ ಸಂಖ್ಯೆಯನ್ನು ಕ್ರಮವಾಗಿ ದಾಖಲಿಸುವ ಕಾರ್ಯ ಮೊದಲಿಗೆ ಪ್ರಾರಂಭವಾದುದು ಮುಂಬಯಿಯಲ್ಲಿ. 1951ರಲ್ಲಿ ಸ್ಥಾಪನೆಗೊಂಡ ಇಂಡಿಯನ್ ಕ್ಯಾನ್ಸರ್ ಸೊಸೈಟಿಯು 1963ರಲ್ಲಿ ಈ ನೋಂದಣಿಯನ್ನು ಕೈಗೊಂಡಿತು. ಇಂದು ಮುಂಬಯಿ, ಬೆಂಗಳೂರು, ದೆಹಲಿಯಂತಹ ಮಹಾನಗರಗಳ ದಾಖಲೆಗಳಲ್ಲಿ ಪುರುಷರಿಗೆ ಹೆಚ್ಚಾಗಿ ಬರುವ ಕ್ಯಾನ್ಸರುಗಳ ಸಾಲಿನಲ್ಲಿ ಪ್ರಾಸ್ಟೇಟ್ ಮುಂಚೂಣಿಯಲ್ಲಿದೆ. ಇದು ಪಾಶ್ಚಾತ್ಯರ ಕಾಯಿಲೆ ಎಂಬ ಹಳೆಯ ತಿಳಿವಳಿಕೆ ಈಗ ನಿಲ್ಲುವುದಿಲ್ಲ. ಜನರ ಆಯುಸ್ಸು ಹೆಚ್ಚಿದಷ್ಟೂ ಇಳಿವಯಸ್ಸಿನ ಈ ರೋಗವೂ ಹೆಚ್ಚಾಗಿ ಕಂಡುಬರುವುದು ಸಹಜ.

ಜೋಗೇಶ್ವರಿಯ ಉದಾಹರಣೆ

ವಿಷಯವನ್ನು ಒಂದು ನಿರ್ದಿಷ್ಟ ಸ್ಥಳದ ಬದುಕಿನಲ್ಲಿಟ್ಟು ನೋಡಿದರೆ ತೊಡಕು ಎಲ್ಲಿದೆ ಎಂಬುದು ಸ್ಪಷ್ಟವಾದೀತು. ಮುಂಬಯಿಯ ಪಶ್ಚಿಮ ಉಪನಗರಗಳಲ್ಲಿ ಒಂದಾದ ಜೋಗೇಶ್ವರಿಯು ಆರನೆಯ ಶತಮಾನದ ಶೈವ ಗುಹಾಲಯಕ್ಕೆ ಹೆಸರಾದ ಊರು. ಇಂದು ಆ ಗುಹೆಗಳ ನೆತ್ತಿಯವರೆಗೂ ಮನೆಗಳು ಒತ್ತಿಕೊಂಡಿವೆ. ಮೇಘವಾಡಿ, ಮಜಾಸ್‌ವಾಡಿ, ಬಾಂದ್ರೇಕರ್‌ವಾಡಿಗಳಂತಹ ಬಡಾವಣೆಗಳಲ್ಲಿ ದುಡಿಯುವ ವರ್ಗದ ಕುಟುಂಬಗಳೇ ಹೆಚ್ಚು. ಹೋಟೆಲು, ಕಾರ್ಖಾನೆ, ಕಚೇರಿಗಳ ಕೆಲಸವನ್ನರಸಿ ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಬಂದು ಮುಂಬಯಿಯ ಇಂತಹ ಉಪನಗರಗಳಲ್ಲಿ ನೆಲೆಸಿದ ಕನ್ನಡಿಗರು ಬಹುಮಂದಿ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಬಂದು, ಹಗಲು ದುಡಿದು, ರಾತ್ರಿ ಶಾಲೆಯಲ್ಲಿ ಓದಿದ ಪೀಳಿಗೆಯವರು ಇಂದು ಅರವತ್ತು ಎಪ್ಪತ್ತರ ವಯಸ್ಸಿನಲ್ಲಿದ್ದಾರೆ. ಎಂದರೆ, ಈ ರೋಗವು ಹೆಚ್ಚಾಗಿ ಕಾಣಿಸಿಕೊಳ್ಳುವ ವಯಸ್ಸನ್ನೇ ಅವರು ತಲುಪಿದ್ದಾರೆ.

ಅಂತಹ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸು ಅರವತ್ತೆರಡು. ಚಾಳಿನ ಒಂದು ಕೋಣೆಯ ಮನೆ. ಶೌಚಾಲಯವು ಸಾಲಿನ ಕೊನೆಯಲ್ಲಿ, ಎಲ್ಲರಿಗೂ ಸೇರಿದ್ದು. ರಾತ್ರಿ ನಾಲ್ಕು ಸಲ ಬಾಗಿಲು ತೆಗೆದು ಹೊರಹೋಗುವುದು ನೆರೆಹೊರೆಯವರಿಗೆ ತಿಳಿಯುವುದೆಂಬ ಸಂಕೋಚದಿಂದ ಆತನು ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಡುತ್ತಾನೆ. ಸೊಂಟ ನೋಯತೊಡಗಿದಾಗ ಅದು ವಾಯುವೆಂದು ಎಣಿಸಿ ಎಣ್ಣೆ ತಿಕ್ಕಿಸಿಕೊಳ್ಳುತ್ತಾನೆ. ಮಗಳ ಮದುವೆ ಮುಗಿಯಲಿ ಎಂದು ಆರು ತಿಂಗಳು ಕಳೆಯುತ್ತದೆ. ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋದಾಗ ಅಲ್ಲಿಯ ಡಾಕ್ಟರಿಗೆ ತೋರಿಸಿದರಾಯಿತು ಎಂದು ಇನ್ನಷ್ಟು ಕಾಲ ಕಳೆಯುತ್ತದೆ. ಹೆಂಡತಿಗೂ ಹೇಳಲು ನಾಚಿಕೆ. ಮಕ್ಕಳ ಮುಂದೆ ಮಾತೇ ಇಲ್ಲ. ಈ ವಿಳಂಬದಲ್ಲಿ ಬಡತನದ ಪಾಲಿಗಿಂತ ನಾಚಿಕೆಯ ಪಾಲೇ ದೊಡ್ಡದು.

ಪರೀಕ್ಷೆ ಹೇಗೆ?

ಪರೀಕ್ಷೆಯಲ್ಲಿ ಎರಡು ಅಂಗಗಳಿವೆ. ಒಂದು, ರಕ್ತದಲ್ಲಿರುವ ಪಿ.ಎಸ್.ಎ. ಎಂಬ ಪ್ರೋಟೀನಿನ ಪ್ರಮಾಣವನ್ನು ಅಳೆಯುವುದು. ಇನ್ನೊಂದು, ವೈದ್ಯರು ಕೈಗವಸು ತೊಟ್ಟು ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯ ಹಿಂಬದಿಯನ್ನು ಮುಟ್ಟಿ ನೋಡುವುದು. ಎರಡನೆಯದನ್ನು ಅವಮಾನವೆಂದು ಭಾವಿಸಿ ಹಿಂಜರಿಯುವವರು ಹಲವರು. ಅದಕ್ಕೆ ಹಿಡಿಯುವ ಕಾಲ ಒಂದು ನಿಮಿಷಕ್ಕೂ ಕಡಿಮೆ. ವೈದ್ಯರ ಪಾಲಿಗೆ ಅದು ನಾಡಿ ಹಿಡಿದು ನೋಡುವಷ್ಟೇ ನಿತ್ಯದ ಕೆಲಸ.

ಪಿ.ಎಸ್.ಎ. ಪರೀಕ್ಷೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ರೋಗಿಗಳ ಚಿಕಿತ್ಸೆಯ ಪ್ರಗತಿಯನ್ನು ಗಮನಿಸಲು 1986ರಲ್ಲಿಯೂ, ರೋಗ ಪತ್ತೆಗೆ ನೆರವಾಗಲು 1994ರಲ್ಲಿಯೂ ಅಂಗೀಕರಿಸಿತು. ಒಂದು ಮಿಲಿಲೀಟರ್ ರಕ್ತದಲ್ಲಿ 4 ನ್ಯಾನೋಗ್ರಾಂ ಎಂಬುದನ್ನು ವಾಡಿಕೆಯಾಗಿ ಮೇಲ್ಮಿತಿಯೆಂದು ಹಿಡಿಯುತ್ತಾರೆ. ಆದರೆ ಈ ಅಂಕಿಯೊಂದೇ ತೀರ್ಪಲ್ಲ. ಗ್ರಂಥಿಯ ಸಾಮಾನ್ಯ ಊತ, ಸೋಂಕು, ಮೂತ್ರ ಕಟ್ಟಿ ನಳಿಗೆ ಹಾಕಿಸಿಕೊಂಡುದು ಮುಂತಾದ ಕಾರಣಗಳಿಂದಲೂ ಅಂಕಿ ಏರುತ್ತದೆ. ಪಾಶ್ಚಾತ್ಯ ದೇಶಗಳ ಅನುಭವದಲ್ಲಿ 4ರಿಂದ 10ರ ನಡುವೆ ಅಂಕಿ ಬಂದವರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಇರುವುದು ಕಂಡುಬಂದಿದೆ. ಇನ್ನೊಂದೆಡೆ, ಊತಕ್ಕಾಗಿ ಫಿನಾಸ್ಟರೈಡ್ ಮಾತ್ರೆ ಸೇವಿಸುವವರಲ್ಲಿ ಅಂಕಿಯು ಸುಮಾರು ಅರ್ಧಕ್ಕೆ ಇಳಿದು ರೋಗವನ್ನು ಮರೆಮಾಡಬಹುದು. ಸೇವಿಸುತ್ತಿರುವ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಬೇಕಾದುದು ಈ ಕಾರಣಕ್ಕಾಗಿ.

ಸಾಮಾನ್ಯವಾಗಿ ಐವತ್ತು ವರ್ಷ ತುಂಬಿದವರು ಈ ಪರೀಕ್ಷೆಯ ಬಗ್ಗೆ ವೈದ್ಯರೊಡನೆ ಮಾತನಾಡುವುದು ಯುಕ್ತ. ತಂದೆಗಾಗಲಿ ಸೋದರನಿಗಾಗಲಿ ಈ ರೋಗ ಬಂದಿದ್ದರೆ ನಲವತ್ತೈದಕ್ಕೇ ಮಾತನಾಡಬೇಕು. ತಾಯಿ, ಸೋದರಿಯರ ಸ್ತನ ಅಥವಾ ಅಂಡಾಶಯದ ಕ್ಯಾನ್ಸರನ್ನೂ ಮರೆಯದೆ ಹೇಳಬೇಕು; ಕೆಲವು ಕುಟುಂಬಗಳಲ್ಲಿ ಇವೆಲ್ಲಕ್ಕೂ ಮೂಲವಾದ ವಂಶವಾಹಿ ದೋಷ ಒಂದೇ ಆಗಿರುತ್ತದೆ.

ಸರಕಾರದ ರಾಷ್ಟ್ರೀಯ ಕಾರ್ಯಕ್ರಮದಡಿ ಮೂವತ್ತು ವರ್ಷ ಮೇಲ್ಪಟ್ಟವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳ ತಪಾಸಣೆ ನಡೆಯುತ್ತದೆ. ಪ್ರಾಸ್ಟೇಟ್ ಈ ಪಟ್ಟಿಯಲ್ಲಿ ಸೇರಿಲ್ಲ. ಆದ್ದರಿಂದ ಇಲ್ಲಿ ಯಾರೂ ಮನೆಬಾಗಿಲಿಗೆ ಬಂದು ಕರೆಯುವುದಿಲ್ಲ, ಕೇಳಬೇಕಾದವನು ಪುರುಷನೇ. ಎಲ್ಲರನ್ನೂ ಸಾಮೂಹಿಕವಾಗಿ ಪರೀಕ್ಷಿಸುವ ವಿಚಾರದಲ್ಲಿ ವೈದ್ಯಲೋಕದಲ್ಲಿಯೇ ಎಚ್ಚರಿಕೆಯಿದೆ. ಯೂರೋಪಿನ ಹಲವು ದೇಶಗಳಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕ ಪುರುಷರನ್ನು 23 ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದರ ಫಲಿತಾಂಶವು 2025ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಕರೆಯಲ್ಪಟ್ಟವರಲ್ಲಿ ಈ ರೋಗದಿಂದಾದ ಸಾವು ಶೇಕಡ 13ರಷ್ಟು ಕಡಿಮೆಯಾಗಿತ್ತು. ಕರೆದ 456 ಮಂದಿಗೆ ಒಬ್ಬರಂತೆ ಸಾವು ತಪ್ಪಿತು. ಅದರೊಡನೆ, ಎಂದೂ ತೊಂದರೆ ಕೊಡದಿರಬಹುದಾಗಿದ್ದ ಸಣ್ಣ ಕ್ಯಾನ್ಸರುಗಳೂ ಹಲವರಲ್ಲಿ ಪತ್ತೆಯಾದವು. ಲಾಭವಿದೆ, ಅದಕ್ಕೊಂದು ಬೆಲೆಯೂ ಇದೆ. ಎಪ್ಪತ್ತು ದಾಟಿ ಬೇರೆ ಕಾಯಿಲೆಗಳಿಂದ ಬಳಲುತ್ತಿರುವವರಿಗೆ ಈ ಪರೀಕ್ಷೆಯಿಂದ ಪ್ರಯೋಜನ ಕಡಿಮೆ. ಆದರೆ ಮೂಳೆ ನೋಯುವವರೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತದ ನಮ್ಮವರಿಗೆ ಅತಿಯಾದ ಪರೀಕ್ಷೆಯ ಅಪಾಯವನ್ನು ಬೋಧಿಸುವುದು ಉಪವಾಸವಿದ್ದವನಿಗೆ ಅಜೀರ್ಣದ ಪಥ್ಯ ಹೇಳಿದಂತೆ ಎಂಬುದನ್ನೂ ಮರೆಯಬಾರದು.

ಜೋಗೇಶ್ವರಿಯವರಿಗೆ ಮಹಾನಗರಪಾಲಿಕೆಯ ಆಸ್ಪತ್ರೆಗಳು ದೂರವಿಲ್ಲ. ಪೂರ್ವದಲ್ಲಿ ಹೆದ್ದಾರಿಯ ಬದಿಯ ಬಾಳಾಸಾಹೇಬ ಠಾಕರೆ ಟ್ರಾಮಾ ಕೇರ್ ಆಸ್ಪತ್ರೆಯಿದೆ. ವಿಲೇಪಾರ್ಲೆಯಲ್ಲಿ ಕೂಪರ್ ಆಸ್ಪತ್ರೆಯಿದೆ. ಬೆಳಗ್ಗೆ ಕೇಸ್ ಪೇಪರ್ ಮಾಡಿಸಿ ಹೊರರೋಗಿ ವಿಭಾಗದಲ್ಲಿ ತೋರಿಸಿಕೊಂಡರೆ, ಅಗತ್ಯವಿದ್ದಲ್ಲಿ ಅಲ್ಲಿಂದ ಮೂತ್ರರೋಗ ತಜ್ಞರಲ್ಲಿಗೆ ಕಳುಹಿಸುತ್ತಾರೆ.

ಸಂಶಯ ಬಂದಲ್ಲಿ ಗ್ರಂಥಿಯಿಂದ ಸೂಜಿಯ ಮೂಲಕ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದೇ ಬಯಾಪ್ಸಿ. ಅದಕ್ಕೆ ಮುಂಚೆ ಎಂ.ಆರ್.ಐ. ಚಿತ್ರ ತೆಗೆಸುವುದು ಈಗಿನ ಪದ್ಧತಿ. ಸೂಜಿ ತಾಗಿದರೆ ಕ್ಯಾನ್ಸರ್ ಕೆರಳಿ ಹರಡುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಆ ಹೆದರಿಕೆಯಿಂದ ಬಯಾಪ್ಸಿ ಬಿಡುವುದು ಸಲ್ಲದು. ಕೆಲವು ದಿನ ಮೂತ್ರದಲ್ಲಿ ತುಸು ರಕ್ತ ಕಂಡರೆ ಗಾಬರಿಯಿಲ್ಲ. ಚಳಿಜ್ವರ ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ರೋಗವೆಂದು ತಿಳಿದ ಮೇಲೆ

ವರದಿಯಲ್ಲಿ ಕ್ಯಾನ್ಸರ್ ಎಂಬ ಪದವನ್ನು ಓದಿದ ಕೂಡಲೆ ಮನುಷ್ಯನು ಉಳಿದುದನ್ನು ಓದದೆ ಬಿಡುತ್ತಾನೆ. ಆದರೆ ಮುಖ್ಯವಾದುದು ಅದರ ಮುಂದಿನ ಸಾಲುಗಳಲ್ಲಿರುತ್ತದೆ. ಅಲ್ಲಿ ಗ್ಲೀಸನ್ ಅಂಕವೆಂಬ ಒಂದು ಸಂಖ್ಯೆ ಇರುತ್ತದೆ. ಅದು 6 ಆಗಿದ್ದರೆ ರೋಗವು ಬಹಳ ನಿಧಾನವಾದದ್ದು. 8ರಿಂದ 10 ಆಗಿದ್ದರೆ ಉಗ್ರವಾದದ್ದು. ಇದಲ್ಲದೆ ರೋಗವು ಗ್ರಂಥಿಯೊಳಗೇ ಇದೆಯೋ, ಮೂಳೆಗಳಿಗೆ ಹರಡಿದೆಯೋ ಎಂಬುದನ್ನೂ ಕೇಳಿ ತಿಳಿಯಬೇಕು.

ನಿಧಾನಗತಿಯ ರೋಗಕ್ಕೆ ತಕ್ಷಣ ಚಿಕಿತ್ಸೆಯೇ ಬೇಕೆಂದಿಲ್ಲ. ಕಾಲಕಾಲಕ್ಕೆ ಪರೀಕ್ಷಿಸುತ್ತ ಕಾದು ನೋಡುವುದೂ ಒಂದು ಅಂಗೀಕೃತ ಕ್ರಮ. ಬ್ರಿಟನ್ನಿನಲ್ಲಿ ರೋಗವು ಗ್ರಂಥಿಯೊಳಗಷ್ಟೇ ಇದ್ದ 1,643 ಮಂದಿಯಲ್ಲಿ ಕೆಲವರನ್ನು ಹೀಗೆ ನಿಗಾದಲ್ಲಿಟ್ಟು, ಕೆಲವರಿಗೆ ಶಸ್ತ್ರಚಿಕಿತ್ಸೆ, ಕೆಲವರಿಗೆ ವಿಕಿರಣ ಚಿಕಿತ್ಸೆ ನೀಡಲಾಯಿತು. 2023ರಲ್ಲಿ ಪ್ರಕಟವಾದ ವರದಿಯಂತೆ, ಹದಿನೈದು ವರ್ಷಗಳ ಅನಂತರ ಮೂರು ಗುಂಪುಗಳಲ್ಲಿಯೂ ಈ ರೋಗದಿಂದ ಸತ್ತವರು ನೂರಕ್ಕೆ ಮೂವರಷ್ಟು ಮಾತ್ರ. ಶಸ್ತ್ರಚಿಕಿತ್ಸೆಯ ಅನಂತರ ಕೆಲವರಿಗೆ ಮೂತ್ರದ ಹಿಡಿತ ಸಡಿಲವಾಗುವುದು, ದಾಂಪತ್ಯ ಶಕ್ತಿ ಕುಂದುವುದು ಉಂಟು. ವಿಕಿರಣ ಚಿಕಿತ್ಸೆಗೂ ಅದರದೇ ತೊಂದರೆಗಳಿವೆ. ಇವನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದರಲ್ಲಿ ನಾಚಬೇಕಾದುದೇನೂ ಇಲ್ಲ. ಕೇಳುವಾಗ ಪತ್ನಿಯೂ ಜೊತೆಯಲ್ಲಿರುವುದು ಒಳ್ಳೆಯದು.

ರೋಗವು ಮೂಳೆಗೆ ಹರಡಿದ್ದರೂ ಕೈಚೆಲ್ಲುವ ಕಾರಣವಿಲ್ಲ. ಪುರುಷ ಹಾರ್ಮೋನನ್ನು ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂಬುದನ್ನು ಚಾರ್ಲ್ಸ್ ಹಗಿನ್ಸ್ ಎಂಬ ಶಸ್ತ್ರವೈದ್ಯರು 1941ರಲ್ಲಿ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇಂದಿಗೂ ಚಿಕಿತ್ಸೆಯ ತಳಹದಿ ಅದೇ. ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಚುಚ್ಚುಮದ್ದು ಪಡೆಯಬಹುದು. ಇಲ್ಲವೆ ವೃಷಣಗಳನ್ನು ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆಯನ್ನು ಒಮ್ಮೆಗೆ ಮಾಡಿಸಿಕೊಳ್ಳಬಹುದು. ಎರಡನೆಯದರ ವೆಚ್ಚ ಕಡಿಮೆ, ಫಲ ಸಮಾನ. ಗಂಡಸುತನವೇ ಹೋಯಿತೆಂಬ ಕೊರಗಿನಿಂದ ಅದನ್ನು ನಿರಾಕರಿಸುವವರಿದ್ದಾರೆ. ಆ ಕೊರಗನ್ನು ವೈದ್ಯರು ಹಗುರವಾಗಿ ಕಾಣಬಾರದು, ರೋಗಿಯೂ ಮುಚ್ಚಿಡಬಾರದು. ಮೂಳೆಗೆ ರೋಗ ಹರಡಿರುವವರಲ್ಲಿ ಕಾಲುಗಳು ಹಠಾತ್ತಾಗಿ ಬಲಗುಂದಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಬೆನ್ನುಹುರಿ ಒತ್ತಲ್ಪಡುತ್ತಿದೆಯೆಂದು ತಿಳಿದು ಅದೇ ದಿನ ಆಸ್ಪತ್ರೆ ಸೇರಬೇಕು. ಬೆನ್ನು ತಿಕ್ಕಿಸುವುದು, ಸೆಳೆಸುವುದು ಇವರಿಗೆ ಅಪಾಯಕರ.

ಮುಚ್ಚಿಟ್ಟವರ, ಬಿಚ್ಚಿಟ್ಟವರ ಉದಾಹರಣೆಗಳೆರಡು ಇತಿಹಾಸದಲ್ಲಿವೆ. ಫ್ರಾನ್ಸಿನ ರಾಷ್ಟ್ರಾಧ್ಯಕ್ಷ ಫ್ರಾಂಸ್ವಾ ಮಿತೆರಾಂ ಅವರಿಗೆ 1981ರಲ್ಲಿಯೇ ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಗಿತ್ತು. 1992ರವರೆಗೆ ದೇಶಕ್ಕೆ ಅದನ್ನು ತಿಳಿಸಲಿಲ್ಲ. ಆರೋಗ್ಯ ಚೆನ್ನಾಗಿದೆಯೆಂಬ ಪ್ರಕಟಣೆಗಳು ಮಾತ್ರ ಹೊರಬೀಳುತ್ತಿದ್ದವು. ಅವರು ತೀರಿಕೊಂಡುದು 1996ರಲ್ಲಿ. ಹರಡಿದ ರೋಗದೊಡನೆಯೂ ಚಿಕಿತ್ಸೆಯ ಬಲದಿಂದ ಹದಿನಾಲ್ಕು ವರ್ಷ ಬಾಳಿ ಕಾರ್ಯಭಾರ ನಡೆಸಿದರೆಂಬುದು ಇಲ್ಲಿ ಗಮನಾರ್ಹ. ದಕ್ಷಿಣ ಆಫ್ರಿಕದ ನೆಲ್ಸನ್ ಮಂಡೇಲಾ ಅವರಿಗೆ 2001ರಲ್ಲಿ ಈ ರೋಗ ಕಂಡುಬಂದಾಗ ಅದನ್ನು ಬಹಿರಂಗವಾಗಿ ತಿಳಿಸಲಾಯಿತು. ವಿಕಿರಣ ಚಿಕಿತ್ಸೆ ಪಡೆದ ಅವರು ಮತ್ತೆ ಹನ್ನೆರಡು ವರ್ಷ ಬದುಕಿ, 2013ರಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ಕಾಲವಾದರು. ಸೆರೆಯಲ್ಲಿದ್ದಾಗಲೇ, 1985ರಲ್ಲಿ, ಅವರಿಗೆ ಗ್ರಂಥಿಯ ಊತಕ್ಕಾಗಿ ಶಸ್ತ್ರಚಿಕಿತ್ಸೆಯಾಗಿತ್ತು. ಊತದ ಆಪರೇಷನ್ನಿನಲ್ಲಿ ಗ್ರಂಥಿಯ ಒಳಭಾಗವನ್ನಷ್ಟೇ ತೆಗೆಯುತ್ತಾರೆ, ಹೊರ ಅಂಚು ಉಳಿದಿರುತ್ತದೆ. “ನನಗೆ ಆಪರೇಷನ್ ಆಗಿದೆ, ಇನ್ನು ಕ್ಯಾನ್ಸರ್ ಬರದು” ಎಂದು ನಂಬಿರುವವರು ಇದನ್ನು ತಿಳಿಯಬೇಕು.

ನೆರವು ಎಲ್ಲಿ?

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯು ಗಿರಣಿಗಳ ನಡುವೆ 1941ರಲ್ಲಿ ತೆರೆಯಿತು. 1962ರಿಂದ ಅದು ಕೇಂದ್ರದ ಅಣುಶಕ್ತಿ ಇಲಾಖೆಗೆ ಸೇರಿದೆ. ಸಮೀಪದಲ್ಲೇ ಪಾಲಿಕೆಯ ಕೆ.ಇ.ಎಂ. ಆಸ್ಪತ್ರೆಯಿದೆ. ಜೋಗೇಶ್ವರಿಯಿಂದ ದಾದರಿನವರೆಗೆ ಲೋಕಲ್ ರೈಲು, ಅಲ್ಲಿಂದ ಮಧ್ಯ ರೈಲ್ವೆಯಲ್ಲಿ ಒಂದೇ ನಿಲ್ದಾಣ. ಕರ್ನಾಟಕಕ್ಕೆ ಮರಳಿದವರಿಗೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಿದೆ.

ವೆಚ್ಚದ ವಿಷಯದಲ್ಲಿ, ಆಯುಷ್ಮಾನ್ ಭಾರತ್ ಯೋಜನೆಯು ಅರ್ಹ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆ ಚಿಕಿತ್ಸೆಯ ನೆರವು ನೀಡುತ್ತದೆ. 2024ರ ಅಕ್ಟೋಬರಿನಿಂದ ಎಪ್ಪತ್ತು ತುಂಬಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ ಇದು ವಿಸ್ತರಿಸಿದೆ. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯೂ ಇದೆ. ಪಡಿತರ ಚೀಟಿ ಊರಿನ ಹೆಸರಿನಲ್ಲಿಯೂ ವಾಸ ಮುಂಬಯಿಯಲ್ಲಿಯೂ ಇರುವವರು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲ ಭೇಟಿಯಲ್ಲೇ ಕಾಣುವುದು ಉತ್ತಮ. ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗಳಿಗೂ ಜೊತೆಗಾರನಿಗೂ ರೈಲ್ವೆಯು ದರದಲ್ಲಿ ರಿಯಾಯಿತಿ ಕೊಡುತ್ತದೆ. ನಿಗದಿತ ನಮೂನೆಯಲ್ಲಿ ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಚಿಕಿತ್ಸೆ ಮುಗಿದ ಮೇಲೂ ಪಿ.ಎಸ್.ಎ. ಪರೀಕ್ಷೆಯನ್ನು ವೈದ್ಯರು ಸೂಚಿಸಿದ ಅವಧಿಗೆ ಮಾಡಿಸುತ್ತಿರಬೇಕು. ಗ್ರಂಥಿಯನ್ನೇ ತೆಗೆದವರಲ್ಲಿ ಅಂಕಿಯು ಸೊನ್ನೆಯ ಸಮೀಪಕ್ಕೆ ಇಳಿದಿರಬೇಕು. ಮತ್ತೆ ಏರಿದರೆ ರೋಗ ಮರುಕಳಿಸಿರುವ ಸೂಚನೆಯಾಗಬಹುದು. ಎಲ್ಲ ವರದಿಗಳನ್ನೂ ತಾರೀಖಿನ ಕ್ರಮದಲ್ಲಿ ಒಂದೇ ಕಡತದಲ್ಲಿಟ್ಟು, ಊರಿಗೆ ಹೋಗುವಾಗ ಅದನ್ನೂ ಜೊತೆಗೆ ಒಯ್ದರೆ, ಮಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ನೋಡುವ ವೈದ್ಯರು ಮೊದಲಿನಿಂದ ಪರೀಕ್ಷೆ ಮಾಡಿಸಬೇಕಾಗುವುದಿಲ್ಲ.